ನಾಯಿ ಓಟಕ್ಕೆ ಸರ್ಕಾರದ ದುಡ್ಡು: ಐರ್ಲೆಂಡಿನ 80:20 ಲೆಕ್ಕ

ಇವತ್ತು ಒಂದು ಲೆಕ್ಕದ ಕಥೆ ಹೇಳ್ತೀನಿ.

2025ಕ್ಕೆ ಐರ್ಲೆಂಡ್ ಸರ್ಕಾರ ರೇಸ್‌ಗಳಿಗೆ ಅಂತ ಎತ್ತಿಟ್ಟ ದುಡ್ಡು 9.91 ಕೋಟಿ ಯೂರೋ. ಕುದುರೆ ರೇಸ್‌ಗೆ 7.93 ಕೋಟಿ, ಗ್ರೇಹೌಂಡ್ ನಾಯಿಗಳ ರೇಸ್‌ಗೆ 1.98 ಕೋಟಿ. ಭಾಗ ಹಾಕಿ ನೋಡಿ, 80ಕ್ಕೆ 20. ಹಿಂದಿನ ವರ್ಷವೂ 80ಕ್ಕೆ 20. 2019ರಲ್ಲೂ ಅಷ್ಟೇ. ಎರಡು ಬೇರೆ ಬೇರೆ ಆಟಗಳ ಖರ್ಚು ವರ್ಷ ವರ್ಷವೂ ಅದೇ ಅನುಪಾತದಲ್ಲಿ ಬರೋಕೆ ಹೇಗೆ ಸಾಧ್ಯ?

ನಮ್ಮ ಕಡೆ ರೇಸ್ ಅಂದ್ರೆ ತಲೆಗೆ ಬರೋದು ಬೆಂಗಳೂರಿನ ಟರ್ಫ್ ಕ್ಲಬ್. ಇಲ್ಲಿ ಸರ್ಕಾರ ಬೆಟ್ ಮೇಲೆ ತೆರಿಗೆ ತಗೊಳ್ಳುತ್ತೆ. ಐರ್ಲೆಂಡಲ್ಲಿ ತೆರಿಗೆ ತಗೊಂಡು, ರೇಸ್ ನಡೆಸೋಕೆ ಅಂತ ದುಡ್ಡನ್ನೂ ಕೊಡುತ್ತೆ. ಇನ್ನು ಗ್ರೇಹೌಂಡ್ ಅಂದ್ರೆ, ನಮ್ಮ ಮುಧೋಳ ನಾಯಿ ನೆನಪಿಸಿಕೊಳ್ಳಿ: ಉದ್ದ ಕಾಲು, ಸಪೂರ ಸೊಂಟ. ಹಳಿ ಮೇಲೆ ಯಂತ್ರದ ಮೊಲ ಓಡುತ್ತೆ, ಆರು ನಾಯಿಗಳು ಅದರ ಬೆನ್ನು ಹತ್ತುತ್ತವೆ. ಸುಮಾರು ಅರ್ಧ ನಿಮಿಷದಲ್ಲಿ ಆಟ ಮುಗೀತು.

ಐರ್ಲೆಂಡಿಗೆ ಈ ಆಟ ಬಂದಿದ್ದು 1927ರಲ್ಲಿ. ಡಬ್ಲಿನ್‌ನ ಶೆಲ್‌ಬರ್ನ್ ಪಾರ್ಕ್ ಶುರುವಾಗಿದ್ದು ಅದೇ ವರ್ಷ. 1958ರಲ್ಲಿ ಕಾನೂನು ಮಾಡಿ ಒಂದು ಗ್ರೇಹೌಂಡ್ ಮಂಡಳಿ ಕಟ್ಟಿದರು. ಆಟ ನಡೆಸೋದು, ಬೆಳೆಸೋದು, ಅದರ ಮೇಲೆ ಕಣ್ಣಿಡೋದು, ಎಲ್ಲ ಅದರದ್ದೇ ಕೆಲಸ. ಈ ಮಾತು ನೆನಪಿರಲಿ.

ನಿಜವಾದ ತಿರುವು 2001ರಲ್ಲಿ. ಆ ವರ್ಷದ ಕಾಯ್ದೆ 'ಕುದುರೆ ಮತ್ತು ಗ್ರೇಹೌಂಡ್ ರೇಸಿಂಗ್ ನಿಧಿ' ಅಂತ ಒಂದನ್ನು ಮಾಡಿತು. ಬೆಟ್ಟಿಂಗ್ ಅಂಗಡಿಗಳಿಂದ ಎಷ್ಟು ತೆರಿಗೆ ಬರುತ್ತೋ ಅಷ್ಟು ದುಡ್ಡು ಈ ನಿಧಿಗೆ. ಅದರಲ್ಲಿ 80 ಭಾಗ ಕುದುರೆಗೆ, 20 ಭಾಗ ನಾಯಿಗೆ. ಕೇಳೋಕೆ ನ್ಯಾಯವಾಗಿದೆ ಅಲ್ವಾ? ಬೆಟ್ ಕಟ್ಟೋರ ದುಡ್ಡು, ಬೆಟ್ ಆಟಕ್ಕೇ ಹೋಗುತ್ತೆ.

ಆದ್ರೆ ಕಾಯ್ದೆಯಲ್ಲಿ ಇನ್ನೊಂದು ಸಾಲಿತ್ತು: 2000ನೇ ಇಸವಿಯಲ್ಲಿ ಬಂದ ತೆರಿಗೆಗಿಂತ, ಬೆಲೆ ಏರಿಕೆ ಸೇರಿಸಿ, ನಿಧಿ ಕಮ್ಮಿ ಆಗಬಾರದು. ಆಮೇಲೆ ಏನಾಯ್ತು? 100 ಯೂರೋ ಬೆಟ್‌ಗೆ 5 ಯೂರೋ ಇದ್ದ ತೆರಿಗೆ 2002ರಲ್ಲಿ 2ಕ್ಕೆ ಇಳೀತು, 2006ರಲ್ಲಿ 1ಕ್ಕೆ. ಕೊರತೆ ಬಿದ್ದ ದುಡ್ಡನ್ನು ತುಂಬಿದ್ದು ಸಾಮಾನ್ಯ ಖಜಾನೆ. ಅಂದ್ರೆ ಜೀವಮಾನದಲ್ಲಿ ಒಂದು ಬೆಟ್ಟೂ ಕಟ್ಟದ ಟೀಚರಮ್ಮನ ತೆರಿಗೆಯೂ ನಾಯಿ ಓಟಕ್ಕೆ ಹೋಯ್ತು. 2008ರ ನಂತರದ ಆರ್ಥಿಕ ಕುಸಿತದಲ್ಲಿ ನಿಧಿಯ ಮೊತ್ತ ಇಳೀತು. 80:20 ಮಾತ್ರ ಅಲ್ಲಾಡಲಿಲ್ಲ.

ಇಲ್ಲೇ ಇರೋದು ಮುಖ್ಯ ವಿಷಯ. ಕುದುರೆ ರೇಸ್ ಐರ್ಲೆಂಡಿಗೆ ದೊಡ್ಡ ಉದ್ಯಮ. ಅದಕ್ಕೆ 4 ರೂಪಾಯಿ ಜಾಸ್ತಿ ಮಾಡಿದ್ರೆ ನಾಯಿ ಮಂಡಳಿಗೆ 1 ರೂಪಾಯಿ ತಾನಾಗೇ ಬರುತ್ತೆ. ಸ್ಟೇಡಿಯಂಗೆ ಜನ ಬಂದರೋ ಇಲ್ಲವೋ, ಲೆಕ್ಕ ಸರಿ ಇದೆಯೋ ಇಲ್ಲವೋ, ಯಾರೂ ಕೇಳಬೇಕಾಗಿಲ್ಲ. ಸಂಸತ್ತಿನಲ್ಲೂ ಎರಡಕ್ಕೂ ಸೇರಿ ಒಂದೇ ಮತ. ಕುದುರೆಗೆ ಹೂಂ, ನಾಯಿಗೆ ಊಹೂಂ ಅನ್ನೋ ಬಟನ್ನೇ ಇಲ್ಲ.

ಈ ನಡುವೆ ಮಂಡಳಿ ಸಾಲದಲ್ಲಿ ಮುಳುಗಿತು. ಸಾಲ ತೀರಿಸೋಕೆ ಡಬ್ಲಿನ್‌ನ ಹೆರಾಲ್ಡ್ಸ್ ಕ್ರಾಸ್ ಸ್ಟೇಡಿಯಂ 2017ರಲ್ಲಿ ಮುಚ್ಚಿತು. ಕೊಂಡುಕೊಂಡಿದ್ದು ಯಾರು? ಅದೇ ದೇಶದ ಶಿಕ್ಷಣ ಇಲಾಖೆ, 2.3 ಕೋಟಿ ಯೂರೋಗೆ. ಸರ್ಕಾರಿ ಮಂಡಳಿಯ ಸಾಲಕ್ಕೆ ಸರ್ಕಾರಿ ಇಲಾಖೆಯ ದುಡ್ಡು!

2019ರ ಜೂನ್‌ನಲ್ಲಿ ಅಲ್ಲಿನ ಸಾರ್ವಜನಿಕ ವಾಹಿನಿ ಆರ್‌ಟಿಇ ಒಂದು ತನಿಖಾ ವರದಿ ಪ್ರಸಾರ ಮಾಡಿತು. ಸಾಕಷ್ಟು ವೇಗ ಇಲ್ಲ ಅನ್ನೋ ಕಾರಣಕ್ಕೆ ವರ್ಷಕ್ಕೆ ಸುಮಾರು 6,000 ಗ್ರೇಹೌಂಡ್‌ಗಳನ್ನು ಕೊಲ್ಲಲಾಗ್ತಿದೆ ಅನ್ನೋ ಅಂದಾಜು ಹೊರಬಂತು. ಈ ಅಂಕಿ ಎಲ್ಲಿತ್ತು ಗೊತ್ತಾ? ಮಂಡಳಿಯೇ ಮಾಡಿಸಿದ್ದ 2017ರ ವರದಿಯಲ್ಲಿ. ಎರಡು ವರ್ಷ ಅದು ಅವರ ಕೈಯಲ್ಲೇ ಇತ್ತು, ಆ ಎರಡೂ ವರ್ಷ ನಿಧಿಯ ದುಡ್ಡೂ ಬಂತು.

ಪ್ರಾಯೋಜಕರು ಹಿಂದೆ ಸರಿದರು. 2021ರಿಂದ ಪ್ರತಿ ನಾಯಿಯ ಜಾಡು ಇಡೋ ವ್ಯವಸ್ಥೆ ಬಂತು, ನಿವೃತ್ತ ನಾಯಿಗಳ ಆರೈಕೆಗೆ ನಿಧಿ ಬಂತು. ಇದು ನಿಜವಾದ ಬದಲಾವಣೆ, ಒಪ್ಪೋಣ. ಹಳ್ಳಿ ಕಡೆಯ ಎಷ್ಟೋ ಕುಟುಂಬಗಳು ಈ ಆಟದಿಂದ ಬದುಕ್ತಾವೆ ಅನ್ನೋ ವಾದವನ್ನೂ ತಳ್ಳಿಹಾಕೋಕಾಗಲ್ಲ. ಆದರೂ ನೋಡಿ, 2019ರಲ್ಲಿ ನಾಯಿ ಓಟದ ಪಾಲು 1.68 ಕೋಟಿ, 2025ಕ್ಕೆ 1.98 ಕೋಟಿ.

ಕುದುರೆ ಕಡೆ ಎಲ್ಲ ಸರಿ ಇತ್ತಾ? ಅಲ್ಲೂ ಇಲ್ಲ. 2023ರ ಜೂನ್‌ನಲ್ಲಿ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿ ಮುಂದೆ ಕುದುರೆ ರೇಸ್‌ನ ನಿಯಂತ್ರಣ ಸಂಸ್ಥೆ ಒಂದು ಹಣಕಾಸು ಗೊಂದಲ ಬಾಯಿಬಿಡಬೇಕಾಯ್ತು. ಜಾಕಿಗಳ ನೆರವಿಗಿದ್ದ ದತ್ತಿ ನಿಧಿಯಿಂದ 2022ರಲ್ಲಿ 3.5 ಲಕ್ಷ ಯೂರೋ ಸಂಸ್ಥೆಯ ಖಾತೆಗೆ ಹೋಗಿ, ಆಮೇಲೆ ವಾಪಸ್ ಬಂದಿತ್ತು. ಆ ಸಂಸ್ಥೆ ನಡೆಯೋದೂ ಬಹುಪಾಲು ಇದೇ ಸಾರ್ವಜನಿಕ ದುಡ್ಡಿನಲ್ಲಿ.

ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅಂತಾರಲ್ಲ, ಅನುಪಾತವನ್ನು ಕಾನೂನಲ್ಲಿ ಬರೆದು ಪ್ರಶ್ನೆಯನ್ನು ಬರೆಯೋಕೆ ಮರೆತ್ರೆ ಆಗೋದು ಅದೇ. ನಾಯಿ ಓಟಕ್ಕೆ ದುಡ್ಡು ಕೊಡಬೇಕಾ ಬೇಡವಾ ಅನ್ನೋದನ್ನು ಐರ್ಲೆಂಡಿನ ಜನ ತೀರ್ಮಾನಿಸಲಿ. ಆದ್ರೆ ತೀರ್ಮಾನಿಸೋಕೆ ಅವರಿಗೆ ಪ್ರತ್ಯೇಕ ಮತ ಬೇಕು. ಮುಂದಿನ ಸಲ ಯಾವುದೇ ಬಜೆಟ್‌ನಲ್ಲಿ 'ನಿಗದಿತ ಪಾಲು' ಅಂತ ಕಂಡ್ರೆ, ಆ ಪಾಲನ್ನು ಯಾವ ವರ್ಷ, ಯಾವ ಲೆಕ್ಕ ನೋಡಿ ಗೊತ್ತು ಮಾಡಿದ್ರು ಅಂತ ಒಮ್ಮೆ ಹುಡುಕಿ.