ಜೋಳಿಗೆ ಹಿಡಿದು ಬೇಡಿದ್ದು ದುಶ್ಚಟಗಳನ್ನು

ಸೌದಿ ಅರೇಬಿಯಾದಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ನಾವು ಒಂದು ವಿಷಯದಲ್ಲಿ ನಿಶ್ಚಿಂತರಾಗಿರುತ್ತೇವೆ. ಇಲ್ಲಿ ಬೀದಿಯ ಮೂಲೆಯಲ್ಲಿ ಮದ್ಯದಂಗಡಿಯಿಲ್ಲ. ದೊರೆ ಅಬ್ದುಲ್ ಅಜೀಜರ ಕಾಲದಲ್ಲಿ, 1952ರಲ್ಲಿ, ಮದ್ಯದ ಆಮದಿಗೆ ನಿಷೇಧ ಬಂದಿತು. ಮಾದಕ ವಸ್ತುಗಳ ಸಾಗಣೆಗಂತೂ ಮರಣದಂಡನೆಯವರೆಗೂ ಶಿಕ್ಷೆಯುಂಟು. ಆದರೆ ಹನ್ನೆರಡನೆಯ ತರಗತಿ ಮುಗಿದೊಡನೆ ನಮ್ಮಲ್ಲಿ ಅನೇಕರ ಮಕ್ಕಳು ಬೆಂಗಳೂರು, ಮಂಗಳೂರು, ಮಣಿಪಾಲಗಳ ಕಾಲೇಜು ಸೇರುತ್ತಾರೆ. ಕಾನೂನಿನ ಈ ಬೇಲಿ ಅವರೊಡನೆ ವಿಮಾನ ಹತ್ತುವುದಿಲ್ಲ. ಹಾಗಾದರೆ ಅವರೊಡನೆ ಹೋಗಬೇಕಾದುದು ಏನು? ಇದಕ್ಕೆ ನಮ್ಮ ನಾಡಿನ ಇತಿಹಾಸದಲ್ಲಿಯೇ ಒಂದು ಉತ್ತರವಿದೆ.

ಸೀರೆಗೆ ಹೆಸರಾದ ಇಳಕಲ್ಲು ಹಿಂದೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಸ್ವಾತಂತ್ರ್ಯಾನಂತರ ಆ ಪ್ರಾಂತದಲ್ಲಿ ಪಾನನಿರೋಧ ಜಾರಿಗೆ ಬಂದಿತು. ಏಕೀಕರಣದ ಬಳಿಕ, 1960ರ ದಶಕದ ಕೊನೆಯ ವೇಳೆಗೆ, ನಮ್ಮ ರಾಜ್ಯ ಅದನ್ನು ಕೈಬಿಟ್ಟಿತು. ಕಾನೂನು ಹಿಂದೆ ಸರಿದ ಮೇಲೆ, 1975ರಲ್ಲಿ, ಇಳಕಲ್ಲಿನ ಚಿತ್ತರಗಿ ಸಂಸ್ಥಾನ ಮಠದ ಡಾ. ಮಹಾಂತ ಸ್ವಾಮಿಗಳು ಜೋಳಿಗೆ ಹಿಡಿದು ಹೊರಟರು. ಸ್ವಾಮಿಗಳು ಜೋಳಿಗೆ ಹಿಡಿದರೆ ಕಾಳೋ ಕಾಣಿಕೆಯೋ ನೀಡುವುದು ವಾಡಿಕೆ. ಇವರು ಬೇಡಿದ್ದು ಚಟಗಳನ್ನು. ಕುಡಿತ, ಬೀಡಿ, ತಂಬಾಕುಗಳನ್ನು ಬಿಡುವೆನೆಂಬ ಮಾತನ್ನು ಜನ ಆ ಜೋಳಿಗೆಗೆ ಹಾಕಿದರು. ‘ಮಹಾಂತ ಜೋಳಿಗೆ’ ಎಂದು ಹೆಸರಾದ ಈ ಕಾರ್ಯವನ್ನು ಅವರು 2018ರಲ್ಲಿ ಲಿಂಗೈಕ್ಯರಾಗುವವರೆಗೆ ನಾಲ್ಕು ದಶಕಗಳಿಗೂ ಮೀರಿ ನಡೆಸಿದರು. ಅವರ ಜನ್ಮದಿನವಾದ ಆಗಸ್ಟ್ 1 ಇಂದು ಕರ್ನಾಟಕದಲ್ಲಿ ವ್ಯಸನಮುಕ್ತ ದಿನವಾಗಿದೆ.

ಕಾನೂನು ಬೇಡವೆಂದು ನಾವು ಹೇಳುತ್ತಿಲ್ಲ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾದುದು ಗ್ರಾಮೀಣ ಮಹಿಳೆಯರ ಬಹುಕಾಲದ ಬೇಡಿಕೆಗೆ ಸಂದ ಫಲ. ಆದರೆ ಸಾರಾಯಿ ಹೋದ ಊರುಗಳಲ್ಲಿ ಬಾಟಲಿಯ ಮದ್ಯ ಉಳಿಯಿತು. 2019ರ ಜನವರಿಯಲ್ಲಿ ಸಾವಿರಾರು ಮಹಿಳೆಯರು ಸಂಪೂರ್ಣ ಪಾನನಿಷೇಧವನ್ನು ಕೋರಿ ಚಿತ್ರದುರ್ಗದಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಬರಬೇಕಾಯಿತು.

ಹಾಗೆಯೇ, ಜೋಳಿಗೆಗೆ ಬಿದ್ದ ಮಾತುಗಳೆಲ್ಲ ಉಳಿದವೆಂದೂ ಹೇಳಲಾಗದು. ವ್ಯಸನವು ಕಾಯಿಲೆಯೂ ಹೌದು. ಸಂಕಲ್ಪದೊಡನೆ ಚಿಕಿತ್ಸೆಯೂ ಬೇಕು. ಕಠಿಣ ಕಾನೂನಿನ ಈ ದೇಶವೇ ರಿಯಾದ್, ಜೆದ್ದಾ, ದಮ್ಮಾಮ್‌ಗಳಲ್ಲಿ ವ್ಯಸನಿಗಳ ಚಿಕಿತ್ಸೆಗಾಗಿ ‘ಅಲ್ ಅಮಲ್’ ಆಸ್ಪತ್ರೆಗಳನ್ನು ಕಟ್ಟಿತು. ಕನ್ನಡದಲ್ಲಿ ಅಮಲೆಂದರೆ ಮತ್ತು; ಆ ಅರಬ್ಬಿ ಹೆಸರಿನ ಅರ್ಥ ಭರವಸೆ.

ಆ ಜೋಳಿಗೆಯ ನಿಜವಾದ ಬಲ ಬೇರೊಂದಿತ್ತು. ತನ್ನ ಚಟವನ್ನು ತನ್ನವರೆದುರು ಒಪ್ಪಿಕೊಳ್ಳಲು ಅದು ಮನುಷ್ಯನಿಗೆ ಒಂದು ಎಡೆ ಕೊಟ್ಟಿತು. ಅಲ್ಲಿ ಬೈಗುಳವಿರಲಿಲ್ಲ, ಬೇಡಿಕೆಯಿತ್ತು. ನಮ್ಮ ಮನೆಗಳಲ್ಲಿ ಅಂತಹ ಎಡೆ ಇದೆಯೇ? ‘ನಮ್ಮ ಮಕ್ಕಳು ಹಾಗಲ್ಲ’ ಎಂಬ ಹೆಮ್ಮೆಯಲ್ಲಿ ನಾವು ಈ ಮಾತನ್ನೇ ಎತ್ತುವುದಿಲ್ಲ. ತಪ್ಪಿ ನಡೆದ ಮಗನಾಗಲಿ ಮಗಳಾಗಲಿ ಮೊದಲು ಅಂಜುವುದು ನಮಗೇ.

ಈ ವರ್ಷ ಮಕ್ಕಳನ್ನು ಊರಿಗೆ ಕಳುಹಿಸುವ ಕುಟುಂಬಗಳಲ್ಲಿ ನಮ್ಮದೊಂದು ಅರಿಕೆ. ಪೆಟ್ಟಿಗೆ ಕಟ್ಟುವ ಮುನ್ನ ಒಂದು ಸಂಜೆ ಅವರೊಡನೆ ಕುಳಿತು ಮಾತನಾಡಿರಿ. ಎಡವಿದ ರಾತ್ರಿಯೂ ಅಂಜದೆ ಮನೆಗೆ ಕರೆ ಮಾಡಬಹುದೆಂಬ ಮಾತನ್ನು ಅವರಿಗೆ ಕೊಡಿರಿ. ಅವರೊಡನೆ ಹೋಗಬೇಕಾದುದು ಆ ಮಾತೇ.