ಸೆರೆಮನೆಯ ಕವಿತೆ ಮತ್ತು ಸಮಾಜದ ಅಧ್ಯಯನ

ಕರಾವಳಿಯ ಕಥೋಲಿಕರನ್ನು 1784ರಲ್ಲಿ ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ ಪ್ರಕರಣವನ್ನು ಕುರಿತು ನಮ್ಮ ಧರ್ಮಸಭೆಯ ಇತಿಹಾಸಕಾರರು ಬಹಳ ಬರೆದಿದ್ದಾರೆ. ಆ ಬರಹಗಳಲ್ಲಿ ಮತ್ತೆ ಮತ್ತೆ ಎದುರಾಗುವ ಪ್ರಶ್ನೆ, ಬಂದಿಗಳು ಎಷ್ಟು ಸಾವಿರ ಎಂಬುದು. ಮದ್ದೂರು, ಕೊಪ್ಪದ ಕಡೆಯವರಿಗೆ ಆ ಕೋಟೆ ನಮ್ಮ ಜಿಲ್ಲೆಯದೇ. ಆದರೆ ಅಲ್ಲಿದ್ದವರು ತಮ್ಮ ಸೆರೆಯನ್ನು ಹೇಗೆ ಅರ್ಥಮಾಡಿಕೊಂಡರು ಎಂಬುದಕ್ಕೆ ಸಂಖ್ಯೆ ಉತ್ತರ ಕೊಡಲಾರದು.

ಇಂಥ ಕೊರತೆಯನ್ನು ಮನಗಂಡ ಕೆಲವು ಸಮಾಜವಿಜ್ಞಾನಿಗಳು ಕವಿತೆಯ ಕಡೆ ತಿರುಗಿದರು. ಅಮೆರಿಕದ ಲಾರೆಲ್ ರಿಚರ್ಡ್‌ಸನ್ 1990ರ ದಶಕದ ಆರಂಭದಲ್ಲಿ ಒಬ್ಬ ಮಹಿಳೆಯ ಸಂದರ್ಶನವನ್ನು ಆಕೆಯ ಮಾತುಗಳಿಂದಲೇ ಕವಿತೆಯಾಗಿ ಕಟ್ಟಿ, ಅದನ್ನೇ ಸಂಶೋಧನೆಯ ಫಲವಾಗಿ ಮಂಡಿಸಿದರು. ಸೆರೆಮನೆಯಲ್ಲಿ ಈ ಕ್ರಮ ತಲೆಕೆಳಗಾಗುತ್ತದೆ. ಅಲ್ಲಿ ಬರೆಯುವವನು ಸ್ವತಃ ಕೈದಿ.

ಕರ್ನಾಟಕದಲ್ಲಿ ಇದಕ್ಕೆ ಗದ್ಯದ ಒಂದು ಪೂರ್ವನಿದರ್ಶನವಿದೆ. ತುರ್ತುಪರಿಸ್ಥಿತಿಯಲ್ಲಿ, 1976ರಲ್ಲಿ, ಬೆಂಗಳೂರಿನ ಕೇಂದ್ರ ಕಾರಾಗೃಹ ಸೇರಿದ ಕಲಾವಿದೆ ಸ್ನೇಹಲತಾ ರೆಡ್ಡಿಯವರು ದಿನಚರಿ ಬರೆದರು. ಒಳಬರುವ ಹೆಣ್ಣುಮಕ್ಕಳನ್ನು ಎಲ್ಲರೆದುರು ವಿವಸ್ತ್ರಗೊಳಿಸುವ ಪದ್ಧತಿಯನ್ನು ಅದರಲ್ಲಿ ದಾಖಲಿಸಿದರು. ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ, ಅವರು ತೀರಿಕೊಂಡರು.

ಯೇಸುಸಭೆಯ ಫಾದರ್ ಸ್ಟ್ಯಾನ್ ಸ್ವಾಮಿಯವರ ವಿಷಯ ನಮಗೆ ಇನ್ನೂ ಹತ್ತಿರದ್ದು. 1975ರಿಂದ 1986ರವರೆಗೆ ಅವರು ಬೆಂಗಳೂರಿನ ಇಂಡಿಯನ್ ಸೋಶಿಯಲ್ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿದ್ದರು. ಸಮಾಜವನ್ನು ವಿಶ್ಲೇಷಿಸುವುದನ್ನು ಕಲಿಸುವುದೇ ಅಲ್ಲಿನ ಅವರ ಕೆಲಸವಾಗಿತ್ತು. ಬಳಿಕ ಜಾರ್ಖಂಡಿನಲ್ಲಿ, ಮಾವೋವಾದಿಗಳೆಂಬ ಆರೋಪ ಹೊತ್ತ 102 ವಿಚಾರಣಾಧೀನ ಕೈದಿಗಳನ್ನು ಕುರಿತ ಅಧ್ಯಯನದ ಮುಂದಾಳಾದರು. 2016ರಲ್ಲಿ ಪ್ರಕಟವಾದ ಆ ವರದಿಯಲ್ಲಿ 97 ಪ್ರತಿಶತ ಮಂದಿ ಆರೋಪ ಸುಳ್ಳೆಂದು ಹೇಳಿದ್ದರು. 2020ರ ಅಕ್ಟೋಬರ್ 8ರಂದು, ತಮ್ಮ 83ನೆಯ ವಯಸ್ಸಿನಲ್ಲಿ, ಅವರೇ ಬಂಧಿತರಾದರು. ತಲೋಜಾ ಜೈಲಿನಲ್ಲಿ ಸೆರೆಯ ಬದುಕು ಎಲ್ಲರನ್ನೂ ಸಮಗೊಳಿಸುತ್ತದೆ ಎಂಬರ್ಥದ ಶೀರ್ಷಿಕೆಯುಳ್ಳ ಒಂದು ಕವಿತೆ ಬರೆದರು.

ಅದು ಕಾವ್ಯವಾಗಿ ಸರಳವಾದದ್ದು, ಕಾವ್ಯಮೀಮಾಂಸಕರನ್ನು ಬೆರಗುಗೊಳಿಸುವಂಥದ್ದಲ್ಲ. ಆದರೆ ಅದರ ನಡುವೆ ಒಂದು ಸಂದರ್ಶನವಿದೆ. ಎಳೆಯ ಮುಖಗಳನ್ನು ಕಂಡು ಕವಿ, ಇಲ್ಲಿಗೆ ಹೇಗೆ ಬಂದಿರಿ ಎಂದು ಕೇಳುತ್ತಾರೆ. ಅವರು ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. 2016ರ ವರದಿಯ ಪ್ರಶ್ನೆಯೂ ಇದೇ. ಅಲ್ಲಿ ಕೇಳಿದವರು ಸಂಜೆ ಮನೆಗೆ ಹೋಗಬಹುದಿತ್ತು, ಇಲ್ಲಿ ಕೇಳಿದವರಿಗೆ ಮನೆಯಿಲ್ಲ. ಇದರಿಂದ ದತ್ತಾಂಶದ ಗುಣವೇ ಬದಲಾಗುತ್ತದೆ. ವರದಿ ಆದಾಯ, ಜಾತಿ, ಆರೋಪಗಳನ್ನು ಎಣಿಸಿತು. ಕವಿತೆಯೋ 'ನಾನು', 'ನೀನು', 'ನಾವು' ಎಂಬ ಸರ್ವನಾಮಗಳು ಸೆರೆಯಲ್ಲಿ ಸ್ಥಾನ ಬದಲಿಸುವುದನ್ನು, ಉಳಿದ ಅನ್ನ ಹಕ್ಕಿಗಳ ಪಾಲಾಗುವುದನ್ನು ಗಮನಿಸಿತು. ಯಾವ ಪ್ರಶ್ನಾವಳಿಯಲ್ಲಿ ಇವಕ್ಕೆ ಕಲಮು ಇರುತ್ತದೆ?

ಹಾಗೆಂದು ಕವಿತೆ ಅಂಕಿಅಂಶದ ಜಾಗವನ್ನು ತುಂಬದು. ನ್ಯಾಯಾಲಯದ ಮುಂದೆ ಒಯ್ಯಲು ವರದಿಯೇ ಬೇಕು. ಸ್ಟ್ಯಾನ್ ಸ್ವಾಮಿಯವರು ಅದನ್ನು ಬಲ್ಲವರು. ಅಲ್ಲದೆ ಈ ಸಮಾನತೆ ಬಲವಂತದ್ದು ಎಂಬುದನ್ನು ಅವರು ಕವಿತೆಯೊಳಗೇ ಒಪ್ಪಿಕೊಳ್ಳುತ್ತಾರೆ. ಸೆರೆಯನ್ನು ಆಶ್ರಮವನ್ನಾಗಿ ಬಣ್ಣಿಸುವ ಭಕ್ತಿಸಾಹಿತ್ಯದಿಂದ ಅದನ್ನು ಬೇರೆಯಾಗಿಸುವುದು ಈ ಒಪ್ಪಿಗೆ. ವಿಚಾರಣೆ ಆರಂಭವಾಗುವ ಮೊದಲೇ, 2021ರ ಜುಲೈ 5ರಂದು, ಅವರು ಬಂಧನದಲ್ಲಿರುವಾಗಲೇ ಮುಂಬೈಯ ಆಸ್ಪತ್ರೆಯಲ್ಲಿ ನಿಧನರಾದರು.

ಪೌಲ ಮತ್ತು ಸೀಲರು ಫಿಲಿಪ್ಪಿಯ ಸೆರೆಯಲ್ಲಿ ನಡುರಾತ್ರಿ ಹಾಡಿದಾಗ ಉಳಿದ ಕೈದಿಗಳು ಕಿವಿಗೊಟ್ಟಿದ್ದರೆಂದು ಪ್ರೇಷಿತರ ಕಾರ್ಯಕಲಾಪಗಳ 16ನೆಯ ಅಧ್ಯಾಯ ತಿಳಿಸುತ್ತದೆ. ನಮ್ಮ ಪ್ರಬೋಧನೆಗಳು ಭೂಕಂಪದ ಕಡೆ ಧಾವಿಸುವ ಅವಸರದಲ್ಲಿ ಈ ಕೇಳುಗರನ್ನು ದಾಟಿಬಿಡುತ್ತವೆ. ಕಾರಾಗೃಹ ಸೇವೆಗೆ ಹೋಗುವ ಗುರುಗಳ, ಗುರುವಿದ್ಯಾರ್ಥಿಗಳ ಸ್ಥಾನ ಆ ಕೇಳುಗರದು. ಕೈದಿ ಬರೆದ ಪದ್ಯವನ್ನು ಪ್ರಬಂಧಕ್ಕೆ ಸಾಮಗ್ರಿಯಾಗಿ ತರುವ ಉತ್ಸಾಹ ಸಹಜ. ಆದರೆ ವಿಚಾರಣಾಧೀನನ ಪದ್ಯದಲ್ಲಿ ತಪ್ಪೊಪ್ಪಿಗೆಯಂತೆ ಓದಬಹುದಾದ ಒಂದು ಸಾಲಿದ್ದರೂ ಅದು ಅವನಿಗೇ ಮುಳುವಾದೀತು. ಹೆಸರನ್ನು ಅಳಿಸಿದರೆ ಸಾಲದು. ಊರು, ಕಸುಬು, ಆರೋಪ ಮೂರೂ ಸೇರಿದರೆ ಆಳು ಯಾರೆಂದು ತಾಲ್ಲೂಕಿಗೇ ತಿಳಿಯುತ್ತದೆ. ತೀರ್ಪು ಬರುವ ತನಕ ಹಾಳೆ ಅವನ ಬಳಿಯೇ ಇರಲಿ. ಅವನು ಓದಿದರೆ ಕೇಳಿಸಿಕೊಂಡು ಬರೋಣ.