ಮೇಲಿನ ತೋಟ, ಕೆಳಗಿನ ಹೊಳೆ

ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ ಸಂಗೀತಗಾರರ ಊರೆಂದು ನಾಡಿಗೆಲ್ಲ ಪರಿಚಿತ. ಈ ಊರನ್ನು ಸಾಕಿದ್ದು ಪಕ್ಕದಲ್ಲೇ ಹರಿಯುವ ಕಾವೇರಿ. ತಲಕಾವೇರಿಯಲ್ಲಿ ಹುಟ್ಟಿದ ಹೊಳೆ ಇಲ್ಲಿಗೆ ಬರುವುದು ಕೊಡಗನ್ನು ಹಾಯ್ದು. ಹಾಗಾಗಿ ಇಲ್ಲಿನ ನೀರಿನ ಗುಣಕ್ಕೂ ಕೊಡಗಿನ ಬೇಸಾಯಕ್ಕೂ ನಂಟಿದೆ.

ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಬ್ರಿಟಿಷರು ಕೊಡಗಿನಲ್ಲಿ ದೊಡ್ಡ ಕಾಫಿ ತೋಟಗಳನ್ನು ಎಬ್ಬಿಸಿದರು. ಕಾಫಿ ಹಣ್ಣಿನ ಸಿಪ್ಪೆ ಸುಲಿದು, ಬೀಜಕ್ಕಂಟಿದ ಲೋಳೆಯನ್ನು ತೊಳೆಯುವ ಕೆಲಸಕ್ಕೆ ಪಲ್ಪಿಂಗ್ ಎನ್ನುತ್ತಾರೆ. ತೊಳೆದ ನೀರಿನಲ್ಲಿ ಸಕ್ಕರೆಯ ಅಂಶ ಹೇರಳ. ಅದು ಹೊಳೆಗೆ ಬಿದ್ದರೆ ಸೂಕ್ಷ್ಮಜೀವಿಗಳು ಬೆಳೆದು ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಮುಗಿಸಿಬಿಡುತ್ತವೆ. ಮೀನುಗಳು ಉಸಿರುಗಟ್ಟಿ ಸಾಯಲು ಬೇರೆ ವಿಷವೇ ಬೇಕಿಲ್ಲ. ಕೊಯ್ಲು ನಡೆಯುವ ಡಿಸೆಂಬರ್‌ನಿಂದ ಫೆಬ್ರುವರಿಯವರೆಗೆ ಹೊಳೆಯೂ ಸೊರಗುವುದರಿಂದ ಕಷ್ಟ ಇಮ್ಮಡಿ.

ಇದರ ಜೊತೆಗೆ ದಡದ ಊರುಗಳ ಚರಂಡಿ ನೀರು, ಹೊಲಗದ್ದೆಗಳ ಗೊಬ್ಬರ, ಕೀಟನಾಶಕಗಳೂ ಸೇರುತ್ತವೆ. ಮಲಿನ ನೀರಿನಿಂದ ಕಾಲರಾ ಹರಡುತ್ತದೆಂದು ಲಂಡನ್ನಿನ ವೈದ್ಯ ಜಾನ್ ಸ್ನೋ 1854ರಲ್ಲೇ ತೋರಿಸಿದ್ದ. ಭಾರತದಲ್ಲಿ ಜಲಮಾಲಿನ್ಯ ತಡೆ ಕಾಯ್ದೆ ಬಂದದ್ದು 1974ರಲ್ಲಿ; ನಮ್ಮ ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿ ಹುಟ್ಟಿದ್ದೂ ಅದೇ ವರ್ಷ.

ಹರಿಯುವ ನೀರು ತನ್ನನ್ನು ತಾನೇ ಶುದ್ಧಿಮಾಡಿಕೊಳ್ಳುತ್ತದೆಂಬ ನಂಬಿಕೆ ಸುಳ್ಳಲ್ಲ; ಆದರೆ ಆ ಶಕ್ತಿಗೂ ಮಿತಿಯುಂಟು. ಸಮೀಪದ ರಾಮನಾಥಪುರದ ವಹ್ನಿಪುಷ್ಕರಿಣಿಯಲ್ಲಿ ಜನ ದೇವರ ಮೀನೆಂದು ಬಲೆ ಬೀಸದೆ ಮೀನುಗಳನ್ನು ಕಾಪಾಡಿಕೊಂಡು ಬಂದಿದ್ದಾರೆ. ಬಲೆಯಿಂದ ಉಳಿಸಿದರೆ ಸಾಲದು. ಆ ಮೀನು ಬದುಕಬೇಕಾದರೆ ಮೇಲಿನ ತೋಟದಲ್ಲಿ ಕಾಫಿ ತೊಳೆದ ನೀರು ತೋಟದ ಹೊಂಡದಲ್ಲೇ ಶುದ್ಧಿಯಾಗಬೇಕು, ಊರಿನ ಚರಂಡಿ ಹೊಳೆಗೆ ಮುಖಮಾಡಬಾರದು.